ಸೊಪ್ಪಿನ ಬೆಟ್ಟದ ಮಣ್ಣು, ತೋಟದ ಬಾವಿಯ ನೀರು: ನನ್ನ ಅನುಭವ

ಹೊಸನಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಬರವೆಂದರೆ ಬಯಲುಸೀಮೆಯ ಸಂಕಟವೆಂದೇ ನಂಬಿ ಬೆಳೆದವನು ನಾನು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮರುವರ್ಷ ಮಾರ್ಚ್ ಮುಗಿಯುವ ಮೊದಲೇ ನಮ್ಮ ತೋಟದ ಬಾವಿಯ ತಳ ಕಂಡಿತು.

ಅಡಿಕೆಯ ಎಳೆಗಾಯಿ ಉದುರಿದ್ದು ಒಂದು ವರ್ಷದ ನಷ್ಟ. ಆದರೆ ಮೂರು ವರ್ಷ ಸಾಕಿದ್ದ ಸಸಿಗಳು ಒಣಗಿದ್ದರಿಂದ, ಮತ್ತೆ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಹುಲ್ಲೂ ನೀರೂ ಇಲ್ಲದೆ ಕರೆಯುವ ಎರಡು ಹಸುಗಳನ್ನು ಮಾರಿದೆವು. ಹಾಲಿನೊಂದಿಗೆ ತೋಟದ ಗೊಬ್ಬರವೂ ಹೋಯಿತು. ಎಪ್ಪತ್ತು ದಾಟಿದ ಅಮ್ಮ ಕೊಡ ಹಿಡಿದು ಹಳ್ಳದ ಹೊಂಡಕ್ಕೆ ಇಳಿಯುತ್ತಿದ್ದುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನನ್ನ ತಮ್ಮ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ.

ಮಳೆ ಕೈಕೊಟ್ಟಿದ್ದು ನಿಜ, ಆದರೆ ಅದೊಂದೇ ಕಾರಣವಲ್ಲ. ಒಂದು ಎಕರೆಯ ಮೇಲೆ 2,500 ಮಿಲಿಮೀಟರ್ ಮಳೆ ಸುರಿದರೆ ಅದು ಸುಮಾರು ಒಂದು ಕೋಟಿ ಲೀಟರ್ ನೀರು. ಅದರ ಅರ್ಧ ಬಿದ್ದರೂ ಬಾವಿಗೆ ಕಡಿಮೆಯೇನಲ್ಲ. ಅದನ್ನು ಹಿಡಿದಿಡುವ ಮಣ್ಣು ಮಾತ್ರ ಮೇಲಿನ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಗುಡ್ಡದಲ್ಲಿ, ಉಳಿದಿರಲಿಲ್ಲ. ವರ್ಷ ವರ್ಷವೂ ಸೊಪ್ಪು ಕಡಿದು, ದರಗನ್ನು (ಉದುರಿದ ಒಣ ಎಲೆಗಳನ್ನು) ಒಂದೆಲೆಯೂ ಬಿಡದೆ ಗುಡಿಸಿ ತಂದವರು ನಾವೇ. ಬರಿ ನೆಲಕ್ಕೆ ಮಳೆಹನಿ ಬಡಿದು ಮೇಲ್ಮಣ್ಣು ಕೊಚ್ಚಿಹೋಗಿ, ಅಲ್ಲಲ್ಲಿ ಅಡಿಯ ಜಂಬಿಟ್ಟಿಗೆ ಕಲ್ಲು ಎದ್ದು ಕಾಣುತ್ತಿತ್ತು.

2024ರ ಏಪ್ರಿಲ್‌ನಲ್ಲಿ ಬೆಟ್ಟದ ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೋಡಲು ತೊಡಗಿದೆವು. ಒಂದೊಂದೂ ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳ. ತುಂಬಿದರೆ ಸುಮಾರು 850 ಲೀಟರ್ ಹಿಡಿಯುತ್ತದೆ. ಮೊದಲ ಸಾಲನ್ನು ಕಣ್ಣಳತೆಯಲ್ಲೇ ತೋಡಿದ್ದು ನನ್ನ ತಪ್ಪು. ಜುಲೈ ಮಳೆಯಲ್ಲಿ ನೀರೆಲ್ಲ ಒಂದೇ ತುದಿಗೆ ಸೇರಿ, ಅಂಚು ಒಡೆದು, ಹೊಸದೊಂದು ಕೊರಕಲು ಬಿದ್ದಿತು. "ನೀರು ಕಣ್ಣಳತೆ ಕೇಳುವುದಿಲ್ಲ ಮಾರಾಯ" ಎಂದ ನೆರೆಮನೆಯ ಹಿರಿಯರು ಮೂರು ಗಳಗಳನ್ನು 'ಎ' ಅಕ್ಷರದಂತೆ ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲು ತೂಗುಬಿಟ್ಟು ಮಟ್ಟ ನೋಡುವುದನ್ನು ಕಲಿಸಿದರು. ದಾರ ಅಡ್ಡಗಳದ ನಡುಗುರುತಿಗೆ ನಿಂತರೆ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಆ ಗುರುತಿನಲ್ಲೇ ಉಳಿದ ಸಾಲುಗಳನ್ನು ತೋಡಿ, ತೆಗೆದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ, ಅದರ ಮೇಲೆ ಲಾವಂಚ ನೆಟ್ಟೆವು. ಕೊರಕಲಿಗೆ ಅಡ್ಡಲಾಗಿ ಕಾಡುಕಲ್ಲಿನ ಸಣ್ಣ ಸಣ್ಣ ತಡೆಗಳನ್ನು ಇಟ್ಟೆವು.

ಕಡಿದಾದ ಭಾಗಕ್ಕೆ ಮಾತ್ರ ಗುದ್ದಲಿ ಹಾಕಲಿಲ್ಲ. ನಮ್ಮಂಥ ಹೆಚ್ಚು ಮಳೆಯ ಕಡೆ ಅಂಥಲ್ಲಿ ನೀರು ನಿಲ್ಲಿಸಿದರೆ ಗುಡ್ಡವೇ ಕುಸಿದೀತು. ಅಲ್ಲಿ ಸೊಪ್ಪು ಕಡಿಯುವುದನ್ನೂ ದರಗು ಗುಡಿಸುವುದನ್ನೂ ನಿಲ್ಲಿಸಿದೆವು, ಅಷ್ಟೇ. ತೋಟಕ್ಕೆ ಈಗ ಅಡಿಕೆಯ ಸೋಗೆಯನ್ನೇ ಕಡಿದು ಮುಚ್ಚಿಗೆ ಮಾಡುತ್ತೇವೆ.

ಮರುಬೇಸಿಗೆ ಬಾವಿ ಬತ್ತಲಿಲ್ಲ. ಆ ವರ್ಷ ಮಳೆಯೂ ಚೆನ್ನಾಗಿತ್ತು, ಆದ್ದರಿಂದ ಎಲ್ಲವೂ ಗುಂಡಿಗಳಿಂದಲೇ ಆಯಿತೆಂದು ನಾನು ಹೇಳಲಾರೆ. ಆದರೆ ಬೆಟ್ಟದಿಂದ ಕೆಂಪಗೆ ಇಳಿಯುತ್ತಿದ್ದ ನೀರು ಈಗ ಬಹುಮಟ್ಟಿಗೆ ತಿಳಿಯಾಗಿ ಬರುತ್ತದೆ, ಬಸಿಗಾಲುವೆಯಿಂದ ಎತ್ತುವ ಹೂಳು ಅರ್ಧಕ್ಕಿಂತ ಕಡಿಮೆಯಾಗಿದೆ. ಒಣಗಿದ ಸಸಿಗಳ ಜಾಗದಲ್ಲಿ ಹೊಸ ಸಸಿ ನೆಟ್ಟಿದ್ದೇವೆ. ಕೊಟ್ಟಿಗೆಗೆ ಒಂದು ಹಸು ಬಂದಿದೆ. ತಮ್ಮ ಇನ್ನೂ ಬೆಂಗಳೂರಿನಲ್ಲೇ ಇದ್ದಾನೆ.