ಕಾಲೇಜಿನ ಇನ್‌ಕ್ಯುಬೇಷನ್ ಕೇಂದ್ರ ಸೇರಿದ್ದೀರಾ? ಮೊದಲು ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಡಿ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕಾಲೇಜುಗಳಲ್ಲಿ, ವಿದ್ಯಾರ್ಥಿಗಳ ಹೊಸ ಉದ್ಯಮಕ್ಕೆ ಜಾಗ, ಉಪಕರಣ, ಮಾರ್ಗದರ್ಶನ ಕೊಡುವ ಇನ್‌ಕ್ಯುಬೇಷನ್ ಕೇಂದ್ರದ ಬೋರ್ಡು ಈಗ ಅಪರೂಪವೇನಲ್ಲ. ಸೇರುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಮೇಜು, ವೈಫೈ, ತ್ರೀಡಿ ಪ್ರಿಂಟರ್ ಸಿಕ್ಕಿತೆಂದು ಒಳಗೇ ಕೂತುಬಿಡುತ್ತಾರೆ. ಯಂತ್ರ ಮುಗಿದ ಮೇಲೆ ಕೊಳ್ಳುವವರನ್ನು ಹುಡುಕಲು ಹೊರಡುತ್ತಾರೆ, ಅಷ್ಟರಲ್ಲಿ ಎಂಟನೇ ಸೆಮಿಸ್ಟರ್ ಮುಗಿದಿರುತ್ತದೆ. ಒಳ್ಳೆಯ ಕೇಂದ್ರ ಈ ಕ್ರಮವನ್ನೇ ತಿರುಗಿಸುತ್ತದೆ. ನಿಮ್ಮ ಕೇಂದ್ರ ತಿರುಗಿಸದಿದ್ದರೆ ನೀವೇ ತಿರುಗಿಸಿಕೊಳ್ಳಿ.

ಒಂದೇ ಉದಾಹರಣೆ ಹಿಡಿದು ಹೋಗೋಣ: ರೇಷ್ಮೆ ಹುಳು ಸಾಕುವ ಮನೆಯ ತಾಪಮಾನ ಮತ್ತು ತೇವಾಂಶ ಅಳೆದು, ಹೆಚ್ಚುಕಮ್ಮಿಯಾದರೆ ಎಚ್ಚರಿಸುವ ಯಂತ್ರ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿರುವ ಶಿಡ್ಲಘಟ್ಟ ಪಕ್ಕದಲ್ಲೇ ಇರುವ ಊರಿನವರಿಗೆ ಇದು ಸಹಜವಾಗಿ ಹೊಳೆಯುವ ಯೋಚನೆ.

ಅರ್ಜಿ

ಕೇಂದ್ರ ಸೇರಲು ಎರಡು ಪುಟದ ಅರ್ಜಿ ಸಾಕು. ಕಷ್ಟ ಯಾರದು, ಈಗ ಹೇಗೆ ನಿಭಾಯಿಸುತ್ತಿದ್ದಾರೆ, ತಂಡದಲ್ಲಿ ಯಾರಿಗೆ ಏನು ಬರುತ್ತದೆ, ಇಷ್ಟು ಬರೆಯಿರಿ. ಕಂಪನಿ ನೋಂದಣಿ ಮಾತ್ರ ಈಗ ಬೇಡವೇ ಬೇಡ. ಪ್ರೈವೇಟ್ ಲಿಮಿಟೆಡ್ ಮಾಡಿಸಿಕೊಂಡರೆ ಒಂದು ರೂಪಾಯಿ ವ್ಯಾಪಾರವಿಲ್ಲದಿದ್ದರೂ ವರ್ಷ ವರ್ಷ ಆಡಿಟ್ ಮಾಡಿಸಬೇಕು, ರಿಟರ್ನ್ಸ್ ಸಲ್ಲಿಸಬೇಕು. ಮೇಲಾಗಿ ಹೊಸ ಕಂಪನಿಗಳಿಗೆ ಆರಂಭದ ಹಣ ಕೊಡಲು ಕೇಂದ್ರ ಸರ್ಕಾರ 2021ರಲ್ಲಿ ತಂದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆಯಲ್ಲಿ ಅರ್ಜಿ ಹಾಕುವ ಹೊತ್ತಿಗೆ ಕಂಪನಿ ಹುಟ್ಟಿ ಎರಡು ವರ್ಷ ದಾಟಿರಬಾರದು ಎಂಬ ನಿಯಮವಿದೆ. ಆತುರಪಟ್ಟು ನೋಂದಾಯಿಸಿದವರು ಆ ಎರಡು ವರ್ಷವನ್ನು ಪರೀಕ್ಷೆ ಬರೆಯುವುದರಲ್ಲೇ ಕಳೆಯುತ್ತಾರೆ.

ಮಾತನಾಡಿಸುವುದು

ಕೆಲಸ ಕೆಡುವುದು ಇಲ್ಲೇ. ಗೂಗಲ್ ಫಾರ್ಮ್ ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಅಡ್ಡದಾರಿ ಎಲ್ಲರಿಗೂ ಪ್ರಿಯ. ಅದನ್ನು ತುಂಬುವವರು ಸಹಪಾಠಿಗಳು, ಹುಳು ಸಾಕುವವರಲ್ಲ. ಅದರ ಲೆಕ್ಕವನ್ನು ಸ್ಲೈಡಿನಲ್ಲಿ ಹಾಕಲೇಬೇಡಿ.

ಕನಿಷ್ಠ ಮೂವತ್ತು ಜನರನ್ನು ಮುಖಾಮುಖಿ ಮಾತನಾಡಿಸಿ. ಎಲ್ಲಿ, ಯಾವಾಗ ಎಂಬುದು ಮುಖ್ಯ. ಸಾಕಣೆ ಮನೆಗೆ ನೇರವಾಗಿ ನುಗ್ಗಬಾರದು. ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆಂದು ರೈತರು ಒಳಗೆ ಬಿಡುವುದಿಲ್ಲ, ಅವರು ಮಾಡುವುದು ಸರಿ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳುವಿಗೆ ಸೊಪ್ಪು ಹಾಕಿ ಪೂರೈಸುವುದೇ ಕಷ್ಟ, ಆ ವಾರ ಯಾರಿಗೂ ನಿಮ್ಮ ಜತೆ ಮಾತನಾಡಲು ಬಿಡುವಿರುವುದಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ. ಗೂಡು ಸುರಿದು ಹರಾಜಿಗೆ ಕಾಯುವ ಹೊತ್ತಿನಲ್ಲಿ ರೈತರು ಬಿಡುವಾಗಿರುತ್ತಾರೆ, ಹೋದ ಬೆಳೆಯ ಲಾಭ ನಷ್ಟ ತಲೆಯಲ್ಲೇ ಇರುತ್ತದೆ. ಹರಾಜು ಮುಗಿದ ಮೇಲೆ ಹಿಡಿದು ನಿಲ್ಲಿಸಿದರೆ ಅವರ ಕಣ್ಣೆಲ್ಲ ಬಸ್ಸಿನ ಮೇಲೆ. ತಂಡದಲ್ಲಿ ತೆಲುಗು ಬರುವ ಒಬ್ಬರು, ಉರ್ದು ಬರುವ ಒಬ್ಬರು ಇರಲಿ. ಈ ಸೀಮೆಯ ಅನೇಕ ರೈತರ ಮನೆಮಾತು ತೆಲುಗು, ನೂಲು ಬಿಚ್ಚುವ ರೀಲರುಗಳಲ್ಲಿ ಅನೇಕರದು ಉರ್ದು. ಮನೆಮಾತಿನಲ್ಲಿ ಕೇಳಿದಾಗ ಬರುವ ಉತ್ತರದ ಉದ್ದವೇ ಬೇರೆ.

ಪ್ರಶ್ನೆ ಹೇಗಿರಬೇಕು? “ಇಂಥ ಯಂತ್ರ ಮಾಡಿದ್ರೆ ತಗೊಳ್ತೀರಾ ಅಣ್ಣ?” ಎಂದು ಕೇಳಿದರೆ “ಮಾಡ್ರಪ್ಪ, ಒಳ್ಳೇದೇ ಅಲ್ವಾ” ಎನ್ನುತ್ತಾರೆ. ಓದುವ ಮಕ್ಕಳ ಮನಸ್ಸು ನೋಯಿಸಬಾರದೆಂದು ಹೇಳುವ ಮಾತದು. ಅದನ್ನು ಬೇಡಿಕೆ ಎಂದು ಬರೆದುಕೊಂಡ ತಂಡ ಮುಳುಗಿದಂತೆಯೇ. ನಡೆದುಹೋದದ್ದನ್ನು ಮಾತ್ರ ಕೇಳಿ (‘ನೂರು ಮೊಟ್ಟೆ’ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ):

“ಹೋದ ಬೆಳೇಲಿ ನೂರು ಮೊಟ್ಟೆಗೆ ಎಷ್ಟು ಕೆಜಿ ಗೂಡು ಬಂತಣ್ಣ?”
“ಕಮ್ಮಿ ಬಂದಿದ್ದು ಯಾವ ತಿಂಗಳಲ್ಲಿ? ಏನಾಗಿತ್ತು?”
“ಆವಾಗ ಏನ್ ಮಾಡಿದ್ರಿ? ಏನಾದ್ರೂ ತಂದ್ರಾ? ಎಷ್ಟು ಕೊಟ್ರಿ?”

ಕೊನೆಯ ಪ್ರಶ್ನೆಯ ಉತ್ತರ ಚಿನ್ನ. ಮಳೆಗಾಲದಲ್ಲಿ ಸುಣ್ಣಕಟ್ಟು ರೋಗ (ತೇವ ಹೆಚ್ಚಾದಾಗ ಹುಳುವಿಗೆ ತಗಲುವ ಶಿಲೀಂಧ್ರ ರೋಗ) ಬಂದು ಬೆಳೆ ಹೋಯಿತು ಎನ್ನುವವರು, ತೇವ ಇಳಿಸಲು ಆಗ ಏನೂ ಖರ್ಚು ಮಾಡಿಲ್ಲವೆಂದರೆ, ನಿಮ್ಮ ಯಂತ್ರಕ್ಕೂ ಮಾಡುವುದು ಅನುಮಾನ. ಕೇಳಿದ ಮಾತನ್ನು ಅವರ ಶಬ್ದದಲ್ಲೇ ಅದೇ ಸಂಜೆ ಬರೆದಿಡಿ. ಮರುದಿನಕ್ಕೆ ಬಿಟ್ಟರೆ ನಿಮಗೆ ಬೇಕಾದ ಅರ್ಥ ಅದರೊಳಗೆ ಸೇರಿಕೊಳ್ಳುತ್ತದೆ.

ಹೀಗೆ ಕೇಳುತ್ತಾ ಹೋದರೆ ಹಣ ಕೊಡುವವರು ಬೇರೆಯೇ ಇದ್ದಾರೆಂದು ಗೊತ್ತಾಗುವುದುಂಟು. ರೈತ ದಿನಕ್ಕೆ ಹಲವು ಸಲ ಸೊಪ್ಪು ಹಾಕಲು ಮನೆಯೊಳಗೆ ಹೋಗುತ್ತಾನೆ. ಸೆಕೆಯೋ ಥಂಡಿಯೋ ಮೈಗೇ ತಿಳಿಯುತ್ತದೆ. ಮೊಟ್ಟೆಯೊಡೆದ ಎಳೆ ಹುಳುಗಳನ್ನು ಸಾಕಿ ರೈತರಿಗೆ ಕೊಡುವ ಚಾಕಿ ಸಾಕಣೆ ಕೇಂದ್ರದ ಕಷ್ಟ ಹಾಗಲ್ಲ. ಎಳೆ ಹುಳುವಿಗೆ 26ರಿಂದ 28 ಡಿಗ್ರಿ, ಶೇ 85ರ ಆಸುಪಾಸಿನ ತೇವಾಂಶ ಹಗಲೂ ರಾತ್ರಿ ಬೇಕು. ಒಂದೇ ಕೋಣೆಯಲ್ಲಿ ಹತ್ತಾರು ರೈತರ ಹುಳು ಇರುತ್ತದೆ. ಒಂದು ರಾತ್ರಿ ಕೆಟ್ಟರೆ ಅಷ್ಟೂ ಜನಕ್ಕೆ ಉತ್ತರ ಹೇಳಬೇಕು. ಮೂವತ್ತರಲ್ಲಿ ಆರೇಳು ಮಂದಿಯಾದರೂ ಚಾಕಿ ಕೇಂದ್ರದವರಿರಲಿ ಎನ್ನುವುದು ಇದಕ್ಕೇ.

ಮಾರ್ಗದರ್ಶಕರು

ದೊಡ್ಡ ಹುದ್ದೆಯ ಐವರಿಗಿಂತ ವಿಷಯ ಬಲ್ಲ ಒಬ್ಬರು ಮೇಲು. ಚಿಂತಾಮಣಿಯ ಕುರುಬೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ರೇಷ್ಮೆ ಬಲ್ಲವರು ಅಲ್ಲಿ ಸಿಗುತ್ತಾರೆ. ಎರಡು ವಾರಕ್ಕೊಮ್ಮೆ ಒಂದು ಗಂಟೆ ಕೇಳಿ, ಹೋಗುವಾಗ ಬರೆದ ಪ್ರಶ್ನೆಗಳೊಂದಿಗೆ ಹೋಗಿ.

ಮಾದರಿ ಯಂತ್ರ

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡಿಎಚ್‌ಟಿ11 ಸಂವೇದಕ (ಸೆನ್ಸರ್) ಈ ಕೆಲಸಕ್ಕೆ ಬಾರದು. ಅದರ ತೇವಾಂಶದ ಓದು ಐದು ಅಂಶ ಆಚೀಚೆ ಹೋಗುತ್ತದೆ, ಶೇ 80 ದಾಟಿದ ಮೇಲೆ ನಂಬುವಂತೆಯೇ ಇಲ್ಲ. ಚಾಕಿ ಕೋಣೆಗೆ ಬೇಕಿರುವುದೇ ಆ ಮೇಲಿನ ಅಂಕಿ. ಎಸ್‌ಎಚ್‌ಟಿ31 ಹಾಕಿ, ತಪ್ಪು ಎರಡು ಅಂಶದೊಳಗಿರುತ್ತದೆ. ನಕಲಿ ಮಾಲೂ ಬರುವುದರಿಂದ ಪ್ರತಿಯೊಂದನ್ನೂ ಪರೀಕ್ಷಿಸಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪುಟ್ಟ ಬಟ್ಟಲಿಟ್ಟು ಮೂರು ಚಮಚ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಹನಿಸಿ. ಉಪ್ಪು ತಗುಲದಂತೆ ಸಂವೇದಕವನ್ನು ಒಳಗೆ ನೇತುಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. 70 ಅಥವಾ 80 ತೋರಿಸಿದರೆ ವಾಪಸ್ ಕೊಡಿ.

ಹುಳುವಿನ ಹಾಸಿಗೆಗೆ ಉದುರಿಸುವ ಸುಣ್ಣದ ದೂಳು ಕೂರುತ್ತದೆ, ಆದ್ದರಿಂದ ಸಂವೇದಕಕ್ಕೆ ಶೋಧಕ ಟೋಪಿ ಬೇಕು. ಪ್ರತಿ ಬೆಳೆಗೂ ಮುನ್ನ ಮನೆಗೆ ಬ್ಲೀಚಿಂಗ್ ಪುಡಿಯ ದ್ರಾವಣ ಹೊಡೆಯುತ್ತಾರೆ, ಕ್ಲೋರಿನ್ ತಗುಲಿದ ಸರ್ಕಿಟ್ ಉಳಿಯುವುದಿಲ್ಲ. ಹಾಗಾಗಿ ಯಂತ್ರ ಒಂದೇ ಎಳೆತಕ್ಕೆ ಗೋಡೆಯಿಂದ ಕಳಚಿಬರಬೇಕು. ಎಚ್ಚರಿಕೆ ಆ್ಯಪ್‌ನಲ್ಲಿ ಬಂದರೆ ರಾತ್ರಿ ಎರಡಕ್ಕೆ ಯಾರೂ ನೋಡುವುದಿಲ್ಲ, ಫೋನ್ ರಿಂಗಾದರೆ ಏಳುತ್ತಾರೆ. ಅದಕ್ಕೆ ಸಿಮ್800ಎಲ್ ಎಂಬ ಕರೆ ಮಾಡುವ ಮಾಡ್ಯೂಲ್ ಕೊಳ್ಳಬೇಡಿ. ಅದು 2ಜಿ, ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. ಕರೆ ಹೋಗುವ ಕ್ಷಣದಲ್ಲಿ 2 ಆಂಪಿಯರ್ ಎಳೆಯುವುದರಿಂದ ಬಡ ಅಡಾಪ್ಟರ್ ಕೈಕೊಟ್ಟು ಇಡೀ ಯಂತ್ರ ರೀಸೆಟ್ ಆಗುತ್ತದೆ. 4ಜಿ ಮಾಡ್ಯೂಲ್ ದುಬಾರಿಯಾದರೂ ಅದನ್ನೇ ಹಾಕಿ, ಕರೆಂಟು ಹೋದಾಗ ನಡೆಯಲು ಬ್ಯಾಟರಿ ಇರಲಿ.

ಒಪ್ಪಂದ ಮತ್ತು ಪಾಲು

ಕಾಲೇಜಿನ ಜತೆ ಸಹಿ ಹಾಕುವ ಮುನ್ನ ಕೇಂದ್ರ ಶಿಕ್ಷಣ ಸಚಿವಾಲಯದ 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟ್‌ಅಪ್ ನೀತಿಯನ್ನು ಓದಿಕೊಳ್ಳಿ. ಕೊಟ್ಟ ನೆರವಿಗೆ ತಕ್ಕಂತೆ ಸಂಸ್ಥೆ ನಿಮ್ಮ ಕಂಪನಿಯಲ್ಲಿ ಶೇ 2ರಿಂದ 9.5ರವರೆಗೆ ಪಾಲು ಪಡೆಯಬಹುದು ಎಂದು ಅದರಲ್ಲಿದೆ. ಸಂಸ್ಥೆಯ ಸೌಲಭ್ಯ ಬಳಸದೆ, ಪಠ್ಯದ ಭಾಗವಾಗಿಯೂ ಅಲ್ಲದೆ ವಿದ್ಯಾರ್ಥಿ ರೂಪಿಸಿದ್ದು ಪೂರ್ತಿ ವಿದ್ಯಾರ್ಥಿಯದೇ. ಅದಕ್ಕೇ ಕೇಂದ್ರಕ್ಕೆ ಕಾಲಿಡುವ ಮೊದಲು ಮಾಡಿದ್ದೇನು ಎಂಬುದನ್ನು ದಿನಾಂಕದೊಂದಿಗೆ ಬರೆದಿಡಿ. ಕೊನೆಯ ವರ್ಷದ ಪ್ರಾಜೆಕ್ಟ್ ಬದಲಿಗೆ ನವೋದ್ಯಮವನ್ನೇ ತೆಗೆದುಕೊಳ್ಳಲು, ಹಾಜರಿ ಕಡಿಮೆಯಿದ್ದರೂ ಅನುಮತಿ ಪಡೆದು ಪರೀಕ್ಷೆಗೆ ಕೂರಲು ಅವಕಾಶ ಕೊಡಬಹುದೆಂದೂ ಅದೇ ನೀತಿ ಹೇಳುತ್ತದೆ. ಕೇಳಿ ಪಡೆಯಿರಿ.

ಗೆಳೆಯರ ನಡುವಿನ ಪಾಲು ಇನ್ನೂ ಸೂಕ್ಷ್ಮ. ನಾಲ್ವರು ತಲಾ ಶೇ 25 ಎಂದು ಹಂಚಿಕೊಂಡು, ಕ್ಯಾಂಪಸ್ ನೇಮಕಾತಿಯಲ್ಲಿ ಇಬ್ಬರು ಹೊರಟರೆ ಕಂಪನಿಯ ಅರ್ಧ ಕೆಲಸ ಮಾಡದವರ ಕೈಯಲ್ಲಿ ಉಳಿಯುತ್ತದೆ. ಮೊದಲ ವರ್ಷ ಮುಗಿಯುವವರೆಗೆ ಯಾರಿಗೂ ಏನೂ ಇಲ್ಲ, ಆಮೇಲೆ ಒಟ್ಟು ನಾಲ್ಕು ವರ್ಷ ತುಂಬುವವರೆಗೆ ಸ್ವಲ್ಪ ಸ್ವಲ್ಪವಾಗಿ ಪಾಲು ಕೈಸೇರುತ್ತದೆ ಎಂದು ಬರೆಸಿ.

ಹೊಸ ತಂತ್ರವಿದ್ದರೆ ಟೆಕ್ ಫೆಸ್ಟ್‌ನಲ್ಲಿ ತೋರಿಸುವ ಮುನ್ನ ಪೇಟೆಂಟಿನ ತಾತ್ಕಾಲಿಕ ಅರ್ಜಿ ಹಾಕಿ. ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ಅರ್ಜಿಗೆ 12 ತಿಂಗಳು ಸಮಯವಿದೆ.

ಹಣ

ಕಂಪನಿ ನೋಂದಣಿಗೆ ಈಗ ಕಾಲ. ಸ್ಟಾರ್ಟ್‌ಅಪ್ ಇಂಡಿಯಾ ಮಾನ್ಯತೆಗೆ ಸರ್ಕಾರಕ್ಕೆ ಶುಲ್ಕವಿಲ್ಲ, ಮಾಡಿಸಿಕೊಡುತ್ತೇವೆಂದು ಸಾವಿರಗಟ್ಟಲೆ ಕೇಳುವವರನ್ನು ದೂರವಿಡಿ. ಮಾದರಿ ತಯಾರಿಕೆಗೆ ಕೇಂದ್ರ ಸರ್ಕಾರದ ನಿಧಿ-ಪ್ರಯಾಸ್ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಸೀಡ್ ಫಂಡ್‌ನಲ್ಲಿ 20 ಲಕ್ಷದವರೆಗೆ ಅನುದಾನಕ್ಕೆ ಅವಕಾಶ ಕಲ್ಪಿಸಲಾಗಿದೆ. ಯಾವುದಕ್ಕೆ ಅರ್ಜಿ ತೆರೆದಿದೆಯೆಂದು ಇನ್‌ಕ್ಯುಬೇಷನ್ ಕೇಂದ್ರದ ವ್ಯವಸ್ಥಾಪಕರನ್ನು ವಿಚಾರಿಸಿ. ಹಣ ಕಂತಿನಲ್ಲಿ ಬರುತ್ತದೆ, ಪ್ರತಿ ಕಂತಿಗೂ ಖರ್ಚಿನ ಲೆಕ್ಕ ಒಪ್ಪಿಸಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಲ್ ಇಲ್ಲದೆ ಕಡಿಮೆಗೆ ತಂದ ಬಿಡಿಭಾಗದ ದುಡ್ಡು ನಿಮ್ಮ ಜೇಬಿನದೇ ಆಗುತ್ತದೆ. ಜಿಎಸ್‌ಟಿ ಬಿಲ್ ಕಂಪನಿಯ ಹೆಸರಿನಲ್ಲೇ ಇರಲಿ.

ಮೊದಲ ಮಾರಾಟ

ಪುಕ್ಕಟೆ ಕೊಟ್ಟ ಯಂತ್ರ ಮೂಲೆ ಸೇರುತ್ತದೆ. ಐದು ಚಾಕಿ ಕೇಂದ್ರಗಳಿಂದ ತಲಾ 500 ರೂಪಾಯಿಯಾದರೂ ಮುಂಗಡ ಪಡೆದು ಕೂರಿಸಿ, ಎರಡು ಬ್ಯಾಚ್ ಹುಳು ಮುಗಿದ ಮೇಲೆ ಬೇಡವೆಂದವರಿಗೆ ಹಿಂದಿರುಗಿಸಿ, ಬೇಡವಾದದ್ದೇಕೆಂದು ಕೇಳಿ ಬರೆದುಕೊಳ್ಳಿ. ಐದಕ್ಕೂ ರಸೀದಿ ಹರಿದುಕೊಡಿ. ಮುಂದಿನ ಕಂತಿನ ಸಭೆಗೆ ಹೋದಾಗ ಸ್ಲೈಡುಗಳಿಗೂ ಮೊದಲು ಆ ರಸೀದಿ ಪುಸ್ತಕವನ್ನು ಮೇಜಿನ ಮೇಲಿಡಿ.