ತಗಡಿನ ಗೋದಾಮಿಗೆ ಅಗ್ಗದ ಶಾಖತಡೆ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ಗೋದಾಮಿಗೆ ಮಾರ್ಚ್ ಬಿಸಿಲಿಗಿಂತ ಜುಲೈ ತಿಂಗಳೇ ದೊಡ್ಡ ತಲೆನೋವು. ಒಳಗಿನ ತೇವದ ಗಾಳಿ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಸ್ಕ್ರೂ ತುದಿಗಳಲ್ಲಿ ಮಣಿಗಟ್ಟಿ ಗೋಣಿಚೀಲಗಳ ಮೇಲೆ ತೊಟ್ಟಿಕ್ಕುತ್ತದೆ.

ಮೊದಲು ತಗಡಿನ ಸ್ಕ್ರೂಗಳಡಿಯ ಒಡೆದ ರಬ್ಬರ್ ವಾಷರ್‌ಗಳನ್ನು ಬದಲಿಸಿ, ಸೋರಿಕೆ ನಿಲ್ಲಿಸಿ. ಬಿಸಿಲಿಗೆ ಮೇಲ್ಗಡೆ ಬಿಳಿ ಕೂಲ್ ರೂಫ್ ಬಣ್ಣ (ಬಿಸಿಲನ್ನು ಪ್ರತಿಫಲಿಸುವ ಬಣ್ಣ) ಸಾಕು. ಹನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅದಕ್ಕೆ ತಗಡಿನ ಒಳಮೈಗೆ ಫಾಯಿಲ್ ಹೊದಿಸಿದ ಫೋಮ್ ಹಾಳೆಯನ್ನು, ಹೊಳೆಯುವ ಮುಖ ಕೆಳಗಿರುವಂತೆ, ಬಿಗಿಯಾಗಿ ಅಂಟಿಸಬೇಕು. ಅಗ್ನಿನಿರೋಧಕ ದರ್ಜೆಯದನ್ನೇ ಕೇಳಿ ತನ್ನಿ. ಜೋಡಣೆಗಳಿಗೆಲ್ಲ ಅಲ್ಯೂಮಿನಿಯಂ ಟೇಪ್ ಹಾಕಿ. ಸಂದಿ ಉಳಿದರೆ ತೇವ ಒಳನುಗ್ಗಿ ತಗಡು ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತದೆ. ಸಾಮಾನ್ಯ ಥರ್ಮಾಕೋಲನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ, ಬೆಂಕಿಗೆ ಅದು ತುಪ್ಪ.

ಮಳೆ ಸುರಿಯುವಾಗ ಬಾಗಿಲು ಮುಚ್ಚಿಡಿ, ಬಿಸಿಲು ಬಿದ್ದ ದಿನ ತೆರೆಯಿರಿ. ಚೀಲಗಳು ಮರದ ಹಲಗೆಯ ಮೇಲಿರಲಿ, ಗೋಡೆಯಿಂದ ಒಂದಡಿ ದೂರ.