ಲ್ಯಾಮಿನೇಟ್ ನೆಲಕ್ಕೆ ಬೆವೆಲ್ ಅಂಚಿನ ಹಲಗೆ: ನನ್ನ ಅನುಭವ

ಬೆವೆಲ್ ಎಂದರೆ ಹಲಗೆಯ ಮೇಲಂಚನ್ನು ತುಸು ಓರೆ ಮಾಡಿರುವುದು. ಅಂಥ ಎರಡು ಹಲಗೆ ಕೂಡಿದಲ್ಲಿ ವಿ ಆಕಾರದ ಸಣ್ಣ ಗ್ರೂವ್ ಮೂಡುತ್ತದೆ. ಅಂಗಡಿಯವರು ಇದನ್ನು ಅಂದಕ್ಕೆಂದು ತೋರಿಸುತ್ತಾರೆ. ನಾನು ಆರಿಸುವುದು ಅಂಚಿನ ಬಾಳಿಕೆಗಾಗಿ.

ಯುರೋಪಿನ ಇಎನ್ 13329 ಮಾನದಂಡವೇ ಪಕ್ಕಪಕ್ಕದ ಹಲಗೆಗಳ ನಡುವೆ 0.15 ಮಿ.ಮೀ. ವರೆಗೆ ಎತ್ತರದ ವ್ಯತ್ಯಾಸ ಒಪ್ಪುತ್ತದೆ. ಬಾಲ್ಕನಿ ಬಾಗಿಲಿನಿಂದ ಬಿಸಿಲು ಓರೆಯಾಗಿ ಬಿದ್ದರೆ, ಚೌಕ ಅಂಚಿನ ನೆಲದಲ್ಲಿ ಅಷ್ಟು ಚಿಕ್ಕ ಏರುಪೇರೂ ನೆರಳಿನ ಗೆರೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಹಲಗೆಯ ಒಳಗಿನ ಎಚ್‌ಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ತಿರುಳು) ತೇವ ಹೀರಿ ಅಂಚು ಸ್ವಲ್ಪ ಉಬ್ಬಿತೆಂದರೆ, ಕುರ್ಚಿಯ ಚಕ್ರ ಉಜ್ಜುವುದು ಅದೇ ಗೆರೆಯನ್ನು. ಹಲಗೆಯ ಮೇಲ್ಮೈಗಿರುವ ಮೆಲಮೈನ್ ರಾಳದ ಪದರ ಗಟ್ಟಿ, ಆದರೆ ಪೆಡಸು. ಚೂಪು ಮೂಲೆಯಲ್ಲಿ ಚಕ್ಕೆ ಏಳುತ್ತದೆ. ಬೆವೆಲ್‌ನಲ್ಲಿ ಅಂಚು ನಡೆಯುವ ಮಟ್ಟಕ್ಕಿಂತ ಕೆಳಗಿರುವುದರಿಂದ ಈ ಪೆಟ್ಟು ತಪ್ಪುತ್ತದೆ.

ಹಾಗೆಂದು ಹಲಗೆಯ ಕೆಳಗಿನ ಏರುತಗ್ಗಿನ ನೆಲವನ್ನು ಬೆವೆಲ್ ಮುಚ್ಚಿಡುವುದಿಲ್ಲ. 2 ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿ, 3 ಮಿ.ಮೀ.ಗಿಂತ ಹೆಚ್ಚು ತಗ್ಗಿದ್ದರೆ ತಾನೇ ಹರಿದು ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಮಿಶ್ರಣ ಹಾಕಲೇಬೇಕು. ಇಲ್ಲದಿದ್ದರೆ ಕಾಲಿಟ್ಟಾಗಲೆಲ್ಲ ಹಲಗೆ ಬಾಗಿ, ಕೊನೆಗೆ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಲಾಕ್‌ನ ನಾಲಿಗೆಯೇ ಮುರಿಯುತ್ತದೆ.

ಕೊಳ್ಳುವಾಗ ಸ್ಯಾಂಪಲ್‌ನ ಓರೆಯನ್ನು ಹತ್ತಿರದಿಂದ ನೋಡಬೇಕು. ಮೇಲಿನ ಮರದ ಗೆರೆಗಳು ಓರೆಯ ಮೇಲೂ ಮುಂದುವರಿದಿದ್ದರೆ ಅದು ಪ್ರೆಸ್ಡ್ ಬೆವೆಲ್. ಮೆಲಮೈನ್ ಪದರ ಅಂಚಿನವರೆಗೂ ಇರುತ್ತದೆ. ಓರೆ ಬರೀ ಒಂದೇ ಬಣ್ಣದ್ದಾಗಿದ್ದರೆ ಕತ್ತರಿಸಿ ಬಣ್ಣ ಬಳಿದದ್ದು. ಆ ಬಣ್ಣ ಗೀಚಿಹೋದರೆ ಕೆಳಗೆ ಕಂದು ಎಚ್‌ಡಿಎಫ್ ತೆರೆದುಕೊಂಡು ನೀರು ಕುಡಿಯುತ್ತದೆ. ದಿನವೂ ನೆಲ ಒರೆಸುವ ನಮ್ಮ ಮನೆಗಳಿಗೆ ಪ್ರೆಸ್ಡ್ ಬೆವೆಲ್‌ಗೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಉದ್ದದ ಎರಡೇ ಬದಿಗೆ ಬೆವೆಲ್ ಇರುವುದು ವಿ2, ನಾಲ್ಕೂ ಬದಿಗಿರುವುದು ವಿ4. ತುದಿ ಜಾಯಿಂಟ್‌ಗೂ ಅದೇ ರಕ್ಷಣೆ ಬೇಕಾದ್ದರಿಂದ ನಾನು ವಿ4 ಹಾಕುತ್ತೇನೆ.

ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಡಿ. ಕಾಂಕ್ರೀಟ್ ಮೇಲೆ 200 ಮೈಕ್ರಾನ್ ಪಾಲಿಥೀನ್ ಅನ್ನು 20 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಹಾಸಿ, ಅದರ ಮೇಲೆ 2 ಮಿ.ಮೀ. ಅಂಡರ್‌ಲೇ (ಅಡಿಹಾಸು). ಗೋಡೆಯ ಸುತ್ತ 10 ಮಿ.ಮೀ. ಬಿಡಿ, ಪಕ್ಕಪಕ್ಕದ ಸಾಲುಗಳ ತುದಿ ಜಾಯಿಂಟ್‌ಗಳ ನಡುವೆ ಕನಿಷ್ಠ 30 ಸೆಂ.ಮೀ. ಅಂತರವಿರಲಿ. ಇಷ್ಟು ಎಲ್ಲ ಲ್ಯಾಮಿನೇಟ್‌ಗೂ ಒಂದೇ. ಬೆವೆಲ್ ಹಲಗೆಯಲ್ಲಿ ವಿಶೇಷವಾಗಿ ಎಚ್ಚರವಿರಬೇಕಾದ್ದು ಕತ್ತರಿಸಿದ ತುದಿಯ ಬಗ್ಗೆ. ಅದಕ್ಕೆ ಬೆವೆಲ್ ಇರುವುದಿಲ್ಲ, ಹಾಗಾಗಿ ಅದು ಗೋಡೆಯ ಕಡೆಗೇ ಹೋಗಬೇಕು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಹಲಗೆ ಕೂಡಿಸಲು ಸುತ್ತಿಗೆಗೆ ಅಡ್ಡ ಹಿಡಿಯುವ ಟ್ಯಾಪಿಂಗ್ ಬ್ಲಾಕ್ ಕೂಡ ಓರೆಯ ಮೇಲೆ ಕೂರಬಾರದು. ಅಲ್ಲಿ ಒಂದು ಸುತ್ತಿಗೆ ಏಟು ಬಿದ್ದರೆ ಅಂಚು ಒಡೆದು ಬಿಳಿ ಕಲೆ ಉಳಿಯುತ್ತದೆ, ಆ ಹಲಗೆ ಬದಲಿಸದೆ ಬೇರೆ ದಾರಿಯಿಲ್ಲ. ಶೇ. 10ರಷ್ಟು ಹೆಚ್ಚು ತರಿಸಿ, ಉಳಿದದ್ದನ್ನು ಎತ್ತಿಡುವುದು ಇದಕ್ಕೇ.

ಗ್ರೂವ್‌ನಲ್ಲಿ ದೂಳು, ರಂಗೋಲಿ ಪುಡಿ, ಕುಂಕುಮ ಕೂರುತ್ತವೆ. ಮೊದಲು ಮೆತ್ತನೆ ಬ್ರಶ್ ಹಾಕಿದ ವ್ಯಾಕ್ಯೂಮ್‌ನಿಂದ ಹಲಗೆಯ ಉದ್ದಕ್ಕೆ ಎಳೆದು, ಆಮೇಲೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ನೀರು ನಿಂತರೆ ನಿಲ್ಲುವುದು ಲಾಕ್‌ನ ನೇರ ಮೇಲೆ. ಅಡುಗೆಮನೆಯ ಸಿಂಕ್ ಎದುರು, ಬಚ್ಚಲ ಬಾಗಿಲ ಬಳಿ ನಾನು ಲ್ಯಾಮಿನೇಟ್ ಹಾಕುವುದೇ ಇಲ್ಲ. ಟೈಲ್ಸ್ ಹಾಗೇ ಬಿಟ್ಟು, ನಡುವೆ ಅಲ್ಯೂಮಿನಿಯಂ ಪ್ರೊಫೈಲ್ (ಪಟ್ಟಿ) ಕೊಡುತ್ತೇನೆ.